ಬ್ಲಾಕ್‌ಚೈನ್‌ಗೆ ದಾಖಲೆ ಹಾಕಬೇಡಿ, ಹ್ಯಾಶ್ ಹಾಕಿ

ತಹಶೀಲ್ದಾರ್ ಕಚೇರಿ ಕೊಟ್ಟ ಆದಾಯ ಪ್ರಮಾಣಪತ್ರವನ್ನು ವಿದ್ಯಾರ್ಥಿವೇತನ ಕೊಡುವ ಇಲಾಖೆ ನಂಬಬೇಕು. ನಡುವೆ ಯಾರೂ ಅಂಕಿ ತಿದ್ದಿರಬಾರದು. ಈ ಕೆಲಸಕ್ಕೆ ಬ್ಲಾಕ್‌ಚೈನ್ (ಹಲವರು ಒಂದೇ ಪ್ರತಿ ಇಟ್ಟುಕೊಳ್ಳುವ, ಬರೆದದ್ದನ್ನು ತಿದ್ದಲಾಗದ ದಾಖಲೆ ಪುಸ್ತಕ) ಹಿಡಿದವರು ಪಿಡಿಎಫನ್ನೇ ಇಡಿಯಾಗಿ ಅದಕ್ಕೆ ಏರಿಸಿದ್ದನ್ನು ನೋಡಿದ್ದೇನೆ. ಏರಿದ್ದನ್ನು ಆಮೇಲೆ ಅಳಿಸಲಾಗದು, ಪ್ರತಿ ಇಟ್ಟುಕೊಂಡವರೆಲ್ಲ ಓದಬಹುದು. 2007ರಲ್ಲಿ ದೊಡ್ಡ ಸೈಬರ್ ದಾಳಿ ಕಂಡ ಎಸ್ಟೋನಿಯಾ ಕೂಡ ಹೀಗೆ ಮಾಡಲಿಲ್ಲ. ಅಲ್ಲಿ ಜನರ ದಾಖಲೆ ಇಲಾಖೆಯಲ್ಲೇ ಇರುತ್ತದೆ, ಚೈನ್‌ಗೆ ಹೋಗುವುದು ಅದರ ಹ್ಯಾಶ್ (ದಾಖಲೆಯಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ಗುರುತು) ಮಾತ್ರ.

ಹಂತ 1: ಯಾವ ವಿವರಗಳು ಬೇಕೆಂದು ಆರಿಸಿ. ಹೆಸರು, ಪ್ರಮಾಣಪತ್ರದ ಸಂಖ್ಯೆ, ಆದಾಯ, ದಿನಾಂಕ. ಸಾಕು.

ಹಂತ 2: ಪಠ್ಯವನ್ನು ಒಂದೇ ರೂಪಕ್ಕೆ ತನ್ನಿ. ಎಲ್ಲರೂ ಎಡವುವುದು ಇಲ್ಲೇ. ಹ್ಯಾಶ್ ಅಂದರೆ ಪಠ್ಯದ ಹೆಬ್ಬೆಟ್ಟಿನ ಗುರುತು. ಒಂದು ಖಾಲಿ ಜಾಗ ಜಾಸ್ತಿಯಾದರೂ ಗುರುತು ಪೂರ್ತಿ ಬೇರೆ. ಕನ್ನಡದಲ್ಲಂತೂ ಇನ್ನೂ ಪೇಚು. 'ಕೊಪ್ಪಳ'ದ 'ಕೊ' ನೋಡಿ. ಅದರ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ ಬೇರೆ! ಹಾಗಾಗಿ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥದ್ದನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್ ರೂಪಕ್ಕೆ ತನ್ನಿ. 'ರಾಜ್‌ಕುಮಾರ್' ಥರದ ಹೆಸರುಗಳ ನಡುವೆ ಅಡಗಿರುವ ಕಾಣದ ಅಕ್ಷರ ಅದರಿಂದ ಹೋಗುವುದಿಲ್ಲ. ಅದನ್ನು ಇಡಬೇಕೋ ತೆಗೆಯಬೇಕೋ ಎಂದು ಎರಡೂ ಇಲಾಖೆ ಕೂತು ಬರವಣಿಗೆಯಲ್ಲೇ ನಿಯಮ ಮಾಡಿಕೊಳ್ಳಲಿ. ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸದೆ ಮುಟ್ಟಲೇಬೇಡಿ. ದಿನಾಂಕಕ್ಕೂ ಒಂದೇ ಕ್ರಮ ಇರಲಿ, ಆದಾಯದ ಅಂಕಿಯಲ್ಲಿ ಅಲ್ಪವಿರಾಮ ಬೇಡ.

ಹಂತ 3: ಸಾಲ್ಟ್ (ಊಹಿಸಲಾಗದ ಅಕ್ಷರಗಳ ಸರಣಿ) ಬೆರೆಸಿ ಹ್ಯಾಶ್ ಮಾಡಿ. ಸುಮ್ನೆ ಆಧಾರ್ ಸಂಖ್ಯೆಯನ್ನು ಹ್ಯಾಶ್ ಮಾಡಿ "ಗುಪ್ತವಾಗಿದೆ" ಅನ್ನುವವರಿದ್ದಾರೆ. ಆ 12 ಅಂಕಿಗಳಲ್ಲಿ ಮೊದಲನೆಯದು 0 ಅಥವಾ 1 ಆಗುವುದಿಲ್ಲ, ಕೊನೆಯದು ಉಳಿದವುಗಳಿಂದ ಲೆಕ್ಕ ಹಾಕಿದ್ದು. ಉಳಿಯುವುದು 8 ಸಾವಿರ ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಇವನ್ನೆಲ್ಲ ಹ್ಯಾಶ್ ಮಾಡಿ ಹೋಲಿಸಿ ಅಸಲಿ ಸಂಖ್ಯೆ ಹುಡುಕುವುದು ಕೆಲವೇ ನಿಮಿಷಗಳ ಕೆಲಸ. ಪ್ರತಿ ದಾಖಲೆಗೂ ಬೇರೆ ಬೇರೆ ಉದ್ದನೆಯ ಯಾದೃಚ್ಛಿಕ ಸಾಲ್ಟ್ ಸೇರಿಸಿ. ಅದು ಪ್ರಮಾಣಪತ್ರದ ಜೊತೆ ಇರಲಿ, ಚೈನ್‌ನಲ್ಲಿ ಬೇಡ. ಎಂಡಿ5 ಎಂಬ ಹಳೆಯ ಹ್ಯಾಶ್ ವಿಧಾನ ವೇಗ ಅಂತ ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ. ಅದು 2004ರಲ್ಲೇ ಮುರಿದುಬಿತ್ತು. ಎಸ್‌ಎಚ್‌ಎ-256 ಎಂಬ ವಿಧಾನ ಬಳಸಿ.

ಹಂತ 4: ನೋಡ್‌ಗಳನ್ನು (ಚೈನ್‌ನ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳನ್ನು) ಹಂಚಿ. ಕಂದಾಯಕ್ಕೊಂದು, ಶಿಕ್ಷಣಕ್ಕೊಂದು, ಲೆಕ್ಕಪರಿಶೋಧಕರಿಗೊಂದು. ಅನುಮತಿ ಇದ್ದವರಷ್ಟೇ ಬರೆಯುವ ಚೈನ್ ಇರಲಿ, ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥದ್ದು. ಮೂರೂ ನೋಡ್ ಒಬ್ಬನೇ ಅಡ್ಮಿನ್ ಕೈಯಲ್ಲಿದ್ದರೆ ಅದಕ್ಕೆ ಬ್ಲಾಕ್‌ಚೈನ್ ಯಾಕೆ ಬೇಕು, ಮಾಮೂಲಿ ಡೇಟಾಬೇಸ್ ಸಾಕಲ್ವಾ?

ಹಂತ 5: ಪರಿಶೀಲಿಸಿ. ಪಡೆದ ಇಲಾಖೆ ಅದೇ ನಿಯಮದಲ್ಲಿ ಮತ್ತೆ ಹ್ಯಾಶ್ ಮಾಡಿ ಚೈನ್‌ನಲ್ಲಿರುವುದರ ಜೊತೆ ಹೋಲಿಸುತ್ತದೆ. ಪತ್ರ ರದ್ದಾದರೆ ಹಳೆಯದನ್ನು ಅಳಿಸಲಾಗದು, "ರದ್ದು" ಎಂಬ ಹೊಸ ನಮೂದು ಸೇರಿಸಬೇಕು. ಹ್ಯಾಶ್ ಹೊಂದಿತು ಅಂತ ಅಲ್ಲಿಗೇ ನಿಲ್ಲಬೇಡಿ, ಕೊನೆಯ ನಮೂದನ್ನೂ ನೋಡಿ. ಇನ್ನು, ಗುಮಾಸ್ತರು ಆದಾಯವನ್ನೇ ತಪ್ಪು ಟೈಪ್ ಮಾಡಿದ್ದರೆ ಚೈನ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಅದಕ್ಕೆ ಹ್ಯಾಶ್ ಮಾಡುವ ಮೊದಲು ಅರ್ಜಿದಾರರಿಗೆ ಒಮ್ಮೆ ಓದಿ ಹೇಳಿ.