ನಿಪಾ ವೈರಸ್ಸಿನ ಜಾತಕ ಓದುವುದು ಹೇಗೆ?

2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಒಂದೇ ಮನೆಯಲ್ಲಿ ಜ್ವರ ಮತ್ತು ಮಿದುಳಿನ ಉರಿಯೂತದಿಂದ ಸಾವಿನ ಮೇಲೆ ಸಾವು. ವೈದ್ಯರಿಗೆ ಅನುಮಾನ ಬಂದು ಮಾದರಿಗಳನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ಅಲ್ಲಿ ನಿಪಾ ಪತ್ತೆಯಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಇಂಥ ಉತ್ತರ ಸಿಗುವುದು ಹೀಗೆ.

ಕೊಂದು ಬಿಡಿಸುವುದು

ಗಂಟಲ ದ್ರವ, ರಕ್ತ, ಮೂತ್ರದ ಮಾದರಿಗಳು ಮೂರು ಪದರದ ಡಬ್ಬಿಯಲ್ಲಿ, ತಂಪು ಕೆಡದಂತೆ ಬರುತ್ತವೆ. ವೈರಸ್ಸಿನ ಹೊದಿಕೆಯನ್ನು ಕರಗಿಸುವ ದ್ರಾವಣವನ್ನು ಮೊದಲು ಸೇರಿಸುತ್ತಾರೆ. ವೈರಸ್ ಸಾಯುತ್ತದೆ, ಅದರ ಆನುವಂಶಿಕ ಬರಹವನ್ನು ಹೊತ್ತ ಒಳಗಿನ ಎಳೆ, ಅಂದರೆ ಆರ್‌ಎನ್‌ಎ, ಹೊರಬರುತ್ತದೆ. ಅದು ಬಲು ನಾಜೂಕು. ನಮ್ಮ ಚರ್ಮದ ಮೇಲಿನ ಕಿಣ್ವ ತಾಗಿದರೂ ಚೂರಾಗುತ್ತದೆ. ಕೈಗವಸು ವೈದ್ಯಕೀಯ ಸಿಬ್ಬಂದಿಯನ್ನಷ್ಟೇ ಅಲ್ಲ, ಮಾದರಿಯನ್ನೂ ಕಾಯುತ್ತದೆ.

ನಕಲು ತೆಗೆಯುವುದು

ಆರ್‌ಎನ್‌ಎಯನ್ನು ಕಿಣ್ವವೊಂದರ ನೆರವಿನಿಂದ ಡಿಎನ್‌ಎ ರೂಪಕ್ಕೆ ತಂದು ಪಿಸಿಆರ್ ಯಂತ್ರದಲ್ಲಿ ಇಡುತ್ತಾರೆ. ಕಾಯಿಸಿ ತಣಿಸುವ ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿಯಾಗುತ್ತವೆ. ಲೆಕ್ಕದಂತೆ 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ.

ಯಾವ ವೈರಸ್ಸನ್ನು ಹುಡುಕಬೇಕೆಂದು ನಿರ್ಧರಿಸುವುದು ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಣುಕು. ನಿಪಾಕ್ಕೆಂದೇ ಮಾಡಿದ್ದು ನಿಪಾವನ್ನೇ ಹಿಡಿಯುತ್ತದೆ. ಹಾಗಾಗಿ ಕೋಯಿಕ್ಕೋಡಿನ ವೈದ್ಯರ ಅನುಮಾನವೇ ಅರ್ಧ ಪರೀಕ್ಷೆ ಎಂದು ನಾನು ನಂಬುತ್ತೇನೆ. ಸುಳಿವೇ ಇಲ್ಲದಿದ್ದರೆ ಮಾದರಿಯಲ್ಲಿರುವ ಆನುವಂಶಿಕ ಬರಹವನ್ನೆಲ್ಲ ಓದಿ, ಮನುಷ್ಯನದನ್ನು ಬದಿಗಿಟ್ಟು, ಉಳಿದುದನ್ನು ಜಾಲಾಡಬೇಕು.

ಬರೀ ನೀರು ಹಾಕಿದ ಒಂದು ನಳಿಕೆಯನ್ನೂ ಜೊತೆಗಿಡುತ್ತಾರೆ. ಪ್ರತಿಗಳು ಹೆಚ್ಚಿದಂತೆ ಯಂತ್ರಕ್ಕೆ ಕಾಣುವ ಬೆಳಕಿನ ಸಂಕೇತ ಅದರಲ್ಲೂ ಮೂಡಿದರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ. ಎಷ್ಟೇ ಅವಸರವಿರಲಿ, ಮೊದಲಿನಿಂದ ಶುರುಮಾಡಬೇಕು.

ಓದಿ ಹೋಲಿಸುವುದು

ಮುಂದಿನದು ಜೀನೋಮಿನ, ಅಂದರೆ ವೈರಸ್ಸಿನ ಇಡೀ ಆನುವಂಶಿಕ ಬರಹದ, ಪೂರ್ತಿ ಓದು. ಮಲೇಷ್ಯಾದಲ್ಲಿ 1998–99ರಲ್ಲಿ ಕಾಣಿಸಿಕೊಂಡ ನಿಪಾದ ಜೀನೋಮ್ 18,246 ಅಕ್ಷರಗಳದು, ಬಾಂಗ್ಲಾದೇಶದ್ದು 18,252. ಉದ್ದದಲ್ಲಿ ಆರೇ ಅಕ್ಷರದ ವ್ಯತ್ಯಾಸ, ಆದರೆ ಒಳಗೆ ಅಲ್ಲಲ್ಲಿ ಕಾಗುಣಿತವೇ ಬೇರೆ. ಸಾಲಿಗೆ ಸಾಲು ಜೋಡಿಸಿ ಈ ವ್ಯತ್ಯಾಸಗಳನ್ನು ಎಣಿಸಿದರೆ ವಂಶವೃಕ್ಷ ಮೂಡುತ್ತದೆ. ಕೇರಳದ ವೈರಸ್ ಬಾಂಗ್ಲಾ ಕವಲಿಗೆ ಹತ್ತಿರವಿತ್ತು.

ಬಂದದ್ದು ಎಲ್ಲಿಂದ? ಆ ಮನೆಯವರ ಬಾವಿಯಲ್ಲಿದ್ದ ಬಾವಲಿಗಳ ಮೇಲೆ ಮೊದಲ ಗುಮಾನಿ. ಅವು ಕೀಟ ತಿನ್ನುವ ಜಾತಿಯವು, ವೈರಸ್ ಸಿಗಲಿಲ್ಲ. ಆಮೇಲೆ ಹಣ್ಣು ತಿನ್ನುವ ದೊಡ್ಡ ಬಾವಲಿಗಳನ್ನು ಹಿಡಿದು ಪರೀಕ್ಷಿಸಿದಾಗ 52ರಲ್ಲಿ 10ಕ್ಕೆ ನಿಪಾ ಇತ್ತು. ಹೋಲಿಸಿ ನೋಡಿದ ಭಾಗದಲ್ಲಿ ಅದು ರೋಗಿಗಳ ವೈರಸ್ಸಿಗೆ ಶೇ 99.7ರಿಂದ 100ರಷ್ಟು ತಾಳೆಯಾಯಿತು. ಬಾವಿಯ ಬಾವಲಿಗಳನ್ನು ಸುಮ್ಮನೆ ಕೊಂದಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.

ಬಾವಲಿಯಿಂದ ಮೊದಲ ರೋಗಿಗೆ ಸೋಂಕು ತಗುಲಿದ ದಾರಿಯನ್ನು ಮಾತ್ರ ಅಕ್ಷರಗಳು ಹೇಳಲಿಲ್ಲ. ಅದಕ್ಕೆ ಆಸ್ಪತ್ರೆಯ ದಾಖಲೆ ಹಿಡಿದು, ಏನು ತಿಂದಿದ್ದರು, ಎಲ್ಲಿಗೆ ಹೋಗಿದ್ದರು ಎಂದು ಮನೆಯವರನ್ನು ಕೇಳಬೇಕು. ಮೊದಲ ರೋಗಿಯಾದ ಪೇರಾಂಬ್ರದ ಆ ಯುವಕ ಮಾದರಿ ಕೊಡುವ ಮೊದಲೇ ತೀರಿಕೊಂಡಿದ್ದರು.