ಪ್ರೋಬ್ ಸೋತರೆ ಕ್ಲಾಕ್ ಆಫ್ ಮಾಡುವವರು ಯಾರು?

ನನ್ನ ಕೈಗೆ ಬಂದ ಲಿನಕ್ಸ್ ಡ್ರೈವರ್ (ಒಂದು ಸಾಧನವನ್ನು ನಡೆಸುವ ಕೋಡ್) ಹೊರನೋಟಕ್ಕೆ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಸಾಧನ ಸುಮ್ಮನಿದ್ದಾಗಲೂ ಅದರ ಕ್ಲಾಕ್, ಅಂದರೆ ಅದನ್ನು ಓಡಿಸುವ ಮಿಡಿತದ ಸಂಕೇತ, ನಿಲ್ಲುತ್ತಿರಲಿಲ್ಲ, ಬ್ಯಾಟರಿ ವೃಥಾ ಖಾಲಿಯಾಗುತ್ತಿತ್ತು. ಕರ್ನಲ್‌ನ ಒಳಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿ ಕ್ಲಾಕ್‌ಗಳ ಪಟ್ಟಿ ತೆರೆದೆ. ಆಫ್ ಮಾಡದೆ ಎಷ್ಟು ಬಾರಿ ಆನ್ ಮಾಡಲಾಗಿದೆ ಎಂಬ ಎಣಿಕೆ 1 ಇರಬೇಕಾದ ಕಡೆ 3 ಇತ್ತು.

ಕಾರಣ ಸಾಧನವನ್ನು ಮೊದಲು ಸಜ್ಜುಗೊಳಿಸುವ ಪ್ರೋಬ್ ಫಂಕ್ಷನ್ನಿನಲ್ಲೇ ಸಿಕ್ಕಿತು. ಅದು ಮೊದಲು ಕ್ಲಾಕ್ ಆನ್ ಮಾಡಿ, ನಂತರ ರೆಗ್ಯುಲೇಟರ್ (ವಿದ್ಯುತ್ ಪೂರೈಕೆ ನಿಯಂತ್ರಕ) ಕೇಳುತ್ತಿತ್ತು. ರೆಗ್ಯುಲೇಟರ್‌ನ ಡ್ರೈವರ್ ಇನ್ನೂ ಸಿದ್ಧವಾಗಿರದಿದ್ದರೆ ಸಿಗುವ ಉತ್ತರ ಮೈನಸ್ 517, ಅಂದರೆ ‘ಆಮೇಲೆ ಬಾ’. ಕರ್ನಲ್ ಪ್ರೋಬನ್ನು ಮತ್ತೆ ಕರೆಯುತ್ತದೆ. ನಮ್ಮ ಕೋಡ್ ಆ ದೋಷಸಂಖ್ಯೆಯನ್ನು ಹಿಂದಿರುಗಿಸಿ ನೇರವಾಗಿ ಹೊರಬೀಳುತ್ತಿತ್ತು, ಕ್ಲಾಕ್ ಆರಿಸುತ್ತಿರಲಿಲ್ಲ. ಪ್ರತಿ ಮರುಕರೆಗೂ ಎಣಿಕೆ ಒಂದೊಂದು ಏರುತ್ತಿತ್ತು. ಪಡೆದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ಬಿಡುವಂತೆ ಗೋಟು ಲೇಬಲ್‌ಗಳನ್ನು (ದೋಷ ಬಂದಾಗ ಕೋಡ್ ಜಿಗಿಯುವ ತಾಣಗಳನ್ನು) ಬರೆದೆ, ಸೋರಿಕೆ ನಿಂತಿತು.

ನನ್ನ ನಿಜವಾದ ಆತಂಕ ಇಂಟರಪ್ಟ್, ಅಂದರೆ ಸಾಧನ ಪ್ರೊಸೆಸರ್‌ಗೆ ಕಳಿಸುವ ಕರೆ, ಅದರ ಬಗ್ಗೆ ಇತ್ತು. ಅದನ್ನು ಪಡೆದದ್ದು ಡೆವ್‌ಎಂ ಮೂಲಕ. 2007ರಲ್ಲಿ ಕರ್ನಲ್ 2.6.21ರೊಂದಿಗೆ ಬಂದ ಈ ವ್ಯವಸ್ಥೆ ಸಂಪನ್ಮೂಲಗಳನ್ನು ತಾನೇ ಬಿಡುತ್ತದೆ, ಆದರೆ ಪ್ರೋಬ್ ಸೋತ ಮೇಲೆ ಅಥವಾ ಸಾಧನವನ್ನು ತೆಗೆಯುವ ರಿಮೂವ್ ಫಂಕ್ಷನ್ ಮುಗಿದ ಮೇಲಷ್ಟೆ. ರಿಮೂವ್‌ನಲ್ಲಿ ನಾವು ಕೈಯಾರೆ ಕ್ಲಾಕ್ ಆರಿಸಿದ ಕ್ಷಣದಿಂದ ಡೆವ್‌ಎಂ ಇಂಟರಪ್ಟ್ ಬಿಡುವವರೆಗೆ ಅದಕ್ಕೆ ಉತ್ತರಿಸುವ ಕೋಡ್, ಅಂದರೆ ಹ್ಯಾಂಡ್ಲರ್, ಜೀವಂತವಾಗಿರುತ್ತದೆ. ಆ ನಡುವೆ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಕ್ಲಾಕ್ ಇಲ್ಲದ ಸಾಧನದ ರಿಜಿಸ್ಟರ್ ಓದಲು ಹೋಗುತ್ತದೆ. ಕೆಲವು ಚಿಪ್‌ಗಳಲ್ಲಿ ಮಾಹಿತಿ ಸಾಗಿಸುವ ಬಸ್ಸೇ ಸ್ತಬ್ಧವಾಗಿ ಇಡೀ ಬೋರ್ಡ್ ಹೆಪ್ಪುಗಟ್ಟುತ್ತದೆ, ಲಾಗ್‌ನಲ್ಲಿ ಒಂದು ಸಾಲೂ ಉಳಿಯುವುದಿಲ್ಲ. ಡೆವ್‌ಎಂ ಮತ್ತು ಕೈಕೆಲಸವನ್ನು ಬೆರೆಸುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುವುದು ಇದಕ್ಕೇ. ಆದ್ದರಿಂದ ಕ್ಲಾಕ್ ಆರಿಸುವ ಕೆಲಸವನ್ನೂ ‘ಆಡ್ ಆಕ್ಷನ್ ಆರ್ ರೀಸೆಟ್’ ಮೂಲಕ ಡೆವ್‌ಎಂಗೇ ಒಪ್ಪಿಸಿದೆ, ಅದೂ ಇಂಟರಪ್ಟ್ ಕೇಳುವ ಮೊದಲೇ. ಬಿಡುವಾಗ ಕ್ರಮ ತಿರುಗುಮುರುಗಾಗುವುದರಿಂದ ಈಗ ಇಂಟರಪ್ಟ್ ಮೊದಲು ಹೋಗುತ್ತದೆ. ಈ ಕೆಲಸದ ನೋಂದಣಿಯೇ ವಿಫಲವಾದರೂ ಕ್ಲಾಕ್ ಆಗಲೇ ಆರುತ್ತದೆ.

ಇನ್ನೊಂದು ಕಡೆ ಇಂಟರಪ್ಟ್ ಸಂಖ್ಯೆ ಸಿಗದಿದ್ದರೆ, ಕಾರಣ ಏನೇ ಇರಲಿ, ಹಳೆಯ ಕೋಡ್ ‘ಸಾಧನವಿಲ್ಲ’ ಎಂದು ಹಿಂದಿರುಗಿಸುತ್ತಿತ್ತು. ಹಾಗೆ ಮಾಡಿದರೆ 517 ಅಲ್ಲೇ ಸಾಯುತ್ತದೆ, ಮರುಪ್ರಯತ್ನವೇ ಇರುವುದಿಲ್ಲ. ಬಂದ ಸಂಖ್ಯೆಯನ್ನೇ ಮುಂದೆ ಕಳಿಸಿದೆ.

ಪರೀಕ್ಷೆಗೆ ಪ್ರತಿ ಹಂತದ ನಂತರ ಬೇಕೆಂದೇ ದೋಷ ಹುಟ್ಟಿಸಿದೆ, ಕರ್ನಲ್‌ನ ಸಿಸ್‌ಎಫ್‌ಎಸ್ ಕಡತಗಳ ಮೂಲಕ ಡ್ರೈವರನ್ನು ಸಾಧನದಿಂದ ಬಿಡಿಸುತ್ತಾ (ಅನ್‌ಬೈಂಡ್), ಮತ್ತೆ ಜೋಡಿಸುತ್ತಾ (ಬೈಂಡ್), ಬಿಡಿಸಿದಾಗಲೆಲ್ಲ ಎಣಿಕೆ ಸೊನ್ನೆಗೆ ಮರಳುವುದನ್ನು ನೋಡಿದೆ. ಪ್ಯಾಚನ್ನು (ಕೋಡ್ ತಿದ್ದುಪಡಿಯನ್ನು) ಒಡೆದು ಕಳಿಸಿದೆ: ಸೋರಿಕೆ ಮುಚ್ಚುವ ಚಿಕ್ಕದು ಮೊದಲು, ಡೆವ್‌ಎಂ ಬದಲಾವಣೆ ಆಮೇಲೆ. ಚಿಕ್ಕದಾದರೆ ಹಳೆಯ ಸ್ಟೇಬಲ್ ಕರ್ನಲ್‌ಗಳಿಗೆ ಒಯ್ಯುವುದು ಸುಲಭ.