ಟ್ಯಾಂಕರ್ ನೀರು ಬಂತು, ಮಗಳ ಕೋಣೆಯ ಗಾಳಿ ಕೆಟ್ಟಿತು: ನನ್ನ ಅನುಭವ

2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ನಮ್ಮದು ಮಹದೇವಪುರ ಕಡೆಯ ಒಂದು ಚಿಕ್ಕ ಅಪಾರ್ಟ್‌ಮೆಂಟ್. ಅಲ್ಲಿಯವರೆಗೆ ಕಾವೇರಿ ನೀರು, ಜೊತೆಗೆ ಸ್ವಲ್ಪ ಬೋರ್‌ವೆಲ್ ನೀರು ಸೇರಿ ಹೇಗೋ ನಡೆಯುತ್ತಿತ್ತು. ಆ ತಿಂಗಳು ಬೋರ್ ಬತ್ತಿತು. ನೆಲದಡಿಯ ನೀರಿನ ಸಂಪ್‌ಗೆ ದಿನಾ ಟ್ಯಾಂಕರ್ ಬರತೊಡಗಿತು. ನಲ್ಲಿಯಲ್ಲಿ ನೀರು ಬಂದರೆ ಸಾಕಾಗಿತ್ತು. ಅದು ಎಂಥ ನೀರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮಗಳಿಗೆ ಆಗ ಆರು ವರ್ಷ. ಫೆಬ್ರವರಿ, ಮಾರ್ಚ್ ಬಂದರೆ ಬೆಂಗಳೂರಿನ ಗಾಳಿ ಒಣಗಿಹೋಗುತ್ತದೆ. ರಾತ್ರಿ ಅವಳ ಮೂಗು ಒಣಗಿ ಎರಡು ಸಲ ರಕ್ತ ಬಂದಿತ್ತು. ಅದಕ್ಕೇ ಹಿಂದಿನ ವರ್ಷ ಒಂದು ಹ್ಯೂಮಿಡಿಫೈಯರ್, ಅಂದರೆ ಕೋಣೆಯ ಗಾಳಿಗೆ ತೇವ ಕೊಡುವ ಯಂತ್ರ, ತಂದಿದ್ದೆವು. ತಣ್ಣನೆಯ ಬಿಳಿ ಮಂಜು ಬಿಡುವ ಅಲ್ಟ್ರಾಸಾನಿಕ್ ಯಂತ್ರ. ನಲ್ಲಿ ನೀರನ್ನೇ ತುಂಬಿಸುತ್ತಿದ್ದೆವು. ರಾತ್ರಿಗೆ ಸುಮಾರು ಎರಡು ಲೀಟರ್ ಖಾಲಿಯಾಗುತ್ತಿತ್ತು.

ಮಾರ್ಚ್ ಎರಡನೇ ವಾರದಿಂದ ಅವಳ ಕೋಣೆಯಲ್ಲಿ ಬಿಳಿ ಪುಡಿ ಕಾಣಿಸತೊಡಗಿತು. ಕನ್ನಡಿ ಮೇಲೆ, ಕಪ್ಪು ಬೀರುವಿನ ಮೇಲೆ, ಪುಸ್ತಕಗಳ ಮೇಲೆ. ಬೆಳಿಗ್ಗೆ ಒರೆಸಿದರೆ ಮರುದಿನ ಮತ್ತೆ ಅಷ್ಟೇ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿತ್ತು, ಸಿಮೆಂಟ್ ಧೂಳು ಅಂದುಕೊಂಡೆವು. ರಾತ್ರಿ ಏರ್ ಪ್ಯೂರಿಫೈಯರ್‌ನ ದೀಪ ಕೆಂಪಗಾಗುತ್ತಿತ್ತು. ಕಿಟಕಿ ಭದ್ರವಾಗಿ ಮುಚ್ಚಿದೆವು. ಕೆಂಪು ಇನ್ನೂ ಬೇಗ ಬರತೊಡಗಿತು. ಹೊರಗಿನ ಧೂಳಾಗಿದ್ದರೆ ಕಿಟಕಿ ಮುಚ್ಚಿದಾಗ ಕಡಿಮೆಯಾಗಬೇಕಿತ್ತು ಅಲ್ವಾ? ಆ ಯೋಚನೆ ನನಗೆ ಹೊಳೆಯಲು ಹತ್ತು ದಿನ ಬೇಕಾಯಿತು. ಆ ಹತ್ತು ರಾತ್ರಿ ಅವಳು ಅದೇ ಗಾಳಿ ಉಸಿರಾಡಿದಳು. ಆ ನೋವು ನನಗೆ ಇನ್ನೂ ಇದೆ.

ಗುಟ್ಟು ಹಿಡಿದವರು ನನ್ನ ಅಮ್ಮ. ಅವರು ಕುಮಟಾದವರು. ಮೊಮ್ಮಗಳನ್ನು ನೋಡಲು ಬಂದಿದ್ದರು. ಬೀರುವಿನ ಮೇಲಿನ ಪುಡಿಯನ್ನು ಬೆರಳಿನಲ್ಲಿ ಸವರಿ, ಹೆಬ್ಬೆರಳಿಗೆ ಉಜ್ಜಿ ನೋಡಿದರು. "ಇದು ಧೂಳಲ್ಲ, ಉಪ್ಪಲ್ದನೇ?" ಅಂದರು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡುತ್ತಾ ಬೆಳೆದವರು ಅವರು. ಆಗರದಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಗದ್ದೆಯಲ್ಲೇ ಉಳಿಯುತ್ತದೆ. ನನಗೆ ಯಂತ್ರದ ಕೆಲಸ ಅರ್ಥವಾದದ್ದೇ ಆ ಮಾತಿನಿಂದ. ನಮ್ಮ ಯಂತ್ರ ನೀರನ್ನು ಆವಿ ಮಾಡುವುದೇ ಇಲ್ಲ. ಅದರ ತಳದಲ್ಲಿ ಒಂದು ಪುಟ್ಟ ಬಿಲ್ಲೆ ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರುತ್ತದೆ. ನೀರನ್ನು ಹನಿಹನಿಯಾಗಿ ಚೂರು ಮಾಡಿ ಎಸೆಯುತ್ತದೆ. ಹನಿಯ ಜೊತೆ ಅದರೊಳಗೆ ಕರಗಿದ್ದೆಲ್ಲಾ ಹೊರಗೆ ಬರುತ್ತದೆ. ಹನಿ ಗಾಳಿಯಲ್ಲಿ ಒಣಗುತ್ತದೆ, ಒಳಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಲವಣಗಳು ಕಣ್ಣಿಗೆ ಕಾಣದ ಕಣವಾಗಿ ತೇಲುತ್ತವೆ. ಪ್ಯೂರಿಫೈಯರ್ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣ, ಅಂತ ತೋರಿಸುತ್ತಿದ್ದದ್ದು ಅದನ್ನೇ.

ಮರುದಿನ ಒಂದು ಟಿಡಿಎಸ್ ಮೀಟರ್ ತಂದೆ. ಪೆನ್ನಿನಷ್ಟು ಇರುತ್ತದೆ, ಕೆಲವು ನೂರು ರೂಪಾಯಿ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ, ಒಂದು ಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಕರಗಿದೆ ಅಂತ ಅಂದಾಜು ಹೇಳುತ್ತದೆ. ನಮ್ಮ ನಲ್ಲಿ ನೀರು 960 ತೋರಿಸಿತು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ 500ರವರೆಗೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಅಂದರೆ ನಮ್ಮ ನೀರು ಕಾಗದದ ಮೇಲೆ ಕುಡಿಯಲೂ ಆಗುವ ನೀರೇ. ಆದರೆ ಆ ಅಂಕಿಗಳು ಹೊಟ್ಟೆಗೆ ಹೋಗುವ ನೀರಿಗೆ ಮಾಡಿದವು, ಉಸಿರಿಗೆ ಹೋಗುವ ನೀರಿಗಲ್ಲ. ಲೆಕ್ಕ ಹಾಕಿದೆ. ರಾತ್ರಿಗೆ ಎರಡು ಲೀಟರ್ ಅಂದರೆ ಹತ್ತಿರಹತ್ತಿರ ಎರಡು ಗ್ರಾಂ ಲವಣ. ಟೀ ಚಮಚದ ಮೂರನೇ ಒಂದು ಪಾಲು ಉಪ್ಪನ್ನು ನುಣ್ಣಗೆ ಪುಡಿ ಮಾಡಿ ಮಗು ಮಲಗುವ ಕೋಣೆಯಲ್ಲಿ ತೂರಿದ ಹಾಗೆ. ಪ್ರತಿ ರಾತ್ರಿ.

ಅಲ್ಲಿಂದ ಮುಂದೆ ಮಗಳನ್ನು ನಮ್ಮ ಕೋಣೆಯಲ್ಲಿ ಮಲಗಿಸಿ, ಅವಳ ಕೋಣೆಯಲ್ಲಿ ಒಂದೊಂದು ರಾತ್ರಿ ಒಂದೊಂದು ನೀರು ಹಾಕಿ ನೋಡಿದೆ. ಬಾಗಿಲು, ಕಿಟಕಿ ಮುಚ್ಚಿ, ಪ್ಯೂರಿಫೈಯರ್ ಅನ್ನು ಯಂತ್ರದಿಂದ ದೂರ, ಇನ್ನೊಂದು ಮೂಲೆಯಲ್ಲಿಟ್ಟೆ. ಶುರುವಿನಲ್ಲಿ ಪ್ಯೂರಿಫೈಯರ್‌ನ ಪಿಎಂ 2.5 ಅಂಕಿ 30ರ ಆಸುಪಾಸು ಇರುತ್ತಿತ್ತು. ಟ್ಯಾಂಕರ್ ನೀರು ಹಾಕಿದ ರಾತ್ರಿ ಅರ್ಧ ಗಂಟೆಯಲ್ಲಿ 400 ದಾಟಿತು. ಎರಡನೇ ಗಂಟೆಯ ಹೊತ್ತಿಗೆ 999ಕ್ಕೆ ಹೋಗಿ ನಿಂತಿತು. ಅದಕ್ಕಿಂತ ಮೇಲೆ ತೋರಿಸಲು ಅದರಲ್ಲಿ ಜಾಗವೇ ಇಲ್ಲ.

ಎರಡನೇ ರಾತ್ರಿ ಕುದಿಸಿ ಆರಿಸಿದ ನೀರು. ನಮ್ಮಲ್ಲಿ ನೀರಿಗೆ ಏನೇ ತೊಂದರೆ ಅಂದರೂ ಮೊದಲು ಹೇಳುವುದು ಕುದಿಸಿ ಅಂತ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ. ಆದರೆ ಲವಣ ಎಲ್ಲಿಗೆ ಹೋಗಬೇಕು? ಪಾತ್ರೆಯ ತಳದಲ್ಲಿ ಒಂದಿಷ್ಟು ಬಿಳಿ ಕೂತಿತು. ಮೀಟರ್ 960ರಿಂದ 850ಕ್ಕೆ ಇಳಿಯಿತು, ಅಷ್ಟೇ. ಪ್ಯೂರಿಫೈಯರ್ ಮತ್ತೆ 999. ಒಂದು ಮಾತು: ಬಿಸಿ ನೀರಿಗೆ ಮೀಟರ್ ಹಾಕಬೇಡಿ, ಅಂಕಿ ತಪ್ಪು ಬರುತ್ತದೆ. ಪೂರ್ತಿ ಆರಬೇಕು.

ನನಗೆ ಹೆಚ್ಚು ಆಶ್ಚರ್ಯವಾದದ್ದು ಮೂರನೇ ರಾತ್ರಿ. ನಮ್ಮ ಬೇಸ್‌ಮೆಂಟ್‌ನಲ್ಲಿ ಹೊಸದಾಗಿ ವಾಟರ್ ಸಾಫ್ಟನರ್ ಹಾಕಿಸಿದ್ದರು. ಸೋಪು ಚೆನ್ನಾಗಿ ನೊರೆ ಬರುತ್ತಿತ್ತು, ಗಡಸು ಹೋಯಿತು ಅಂತ ಎಲ್ಲರಿಗೂ ಖುಷಿ. ಅಸೋಸಿಯೇಷನ್‌ನವರು "ಮೇಡಂ, ಈಗ ನೀರು ಸಾಫ್ಟ್ ಇದೆ, ಧೈರ್ಯವಾಗಿ ಹಾಕಿ" ಅಂದರು. ಸಾಫ್ಟನರ್‌ಗೆ ಹೋಗುವ ಮುಂಚಿನ ನೀರನ್ನು ಮೀಟರ್‌ನಲ್ಲಿ ಅಳೆದೆ, ಬಂದ ಮೇಲಿನದನ್ನೂ ಅಳೆದೆ. ಹೆಚ್ಚುಕಮ್ಮಿ ಅಷ್ಟೇ! ಯಾಕೆಂದರೆ ಸಾಫ್ಟನರ್ ಏನನ್ನೂ ತೆಗೆದುಹಾಕುವುದಿಲ್ಲ, ಅದಲುಬದಲು ಮಾಡುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದಕ್ಕೇ ಅದಕ್ಕೆ ಆಗಾಗ ಮೂಟೆಗಟ್ಟಲೆ ಉಪ್ಪು ಹಾಕುವುದು. ಗೀಸರ್‌ಗೆ, ವಾಷಿಂಗ್ ಮೆಷಿನ್‌ಗೆ, ತಲೆಗೂದಲಿಗೆ ಅದರಿಂದ ಒಳ್ಳೆಯದೇ. ಮಂಜು ಬಿಡುವ ಯಂತ್ರಕ್ಕೆ ಏನೂ ಪ್ರಯೋಜನವಿಲ್ಲ. ಮೆದು ನೀರು ಬೇರೆ, ಲವಣ ಕಡಿಮೆ ಇರುವ ನೀರು ಬೇರೆ. ಇದನ್ನು ನಮ್ಮ ಅಪಾರ್ಟ್‌ಮೆಂಟಿನ ಪ್ರತಿ ಮನೆಗೂ ಹೋಗಿ ಹೇಳಿದ್ದೇನೆ.

ನಾಲ್ಕನೇ ರಾತ್ರಿ ಲವಣ ಸೋಸಿ ತೆಗೆಯುವ ಆರ್‌ಒ ಫಿಲ್ಟರ್‌ನ ನೀರು, ಮೀಟರ್‌ನಲ್ಲಿ 55. ರಾತ್ರಿಯಿಡೀ ಯಂತ್ರ ಓಡಿದರೂ ಅಂಕಿ 80 ದಾಟಲಿಲ್ಲ. ಪ್ಯೂರಿಫೈಯರ್ ಮಂಜಿನ ಹನಿಯನ್ನೇ ಧೂಳು ಅಂತ ಎಣಿಸುತ್ತಿರಬಹುದಾ ಅಂತ ನನಗೆ ಅನುಮಾನವಿತ್ತು, ಅಂಥ ಸೆನ್ಸರ್‌ಗಳು ಹನಿಯನ್ನೂ ಎಣಿಸುವುದುಂಟು. ಆದರೆ ಆರ್‌ಒ ನೀರಿನಲ್ಲೂ ಮಂಜು ಅಷ್ಟೇ ಇತ್ತು, ಅಂಕಿ ಮಾತ್ರ ಏರಲಿಲ್ಲ. ಅನುಮಾನ ಅಲ್ಲಿಗೆ ಮುಗಿಯಿತು.

ನಮ್ಮ ದೇಶದ ಹೊರಗಾಳಿಯ ಮಾನದಂಡದಲ್ಲಿ ಪಿಎಂ 2.5 ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಹೊಗೆಯ ಕಣವೂ ಸುಣ್ಣದ ಕಣವೂ ಒಂದೇ ಅಲ್ಲ, ಹಾಗಾಗಿ 999 ನೋಡಿ ದೆಹಲಿಯ ಚಳಿಗಾಲಕ್ಕೆ ಹೋಲಿಸುವುದು ಸರಿಯಲ್ಲ. ಆ ದಿನಗಳಲ್ಲಿ ಮಗಳಿಗಿದ್ದ ಒಣ ಕೆಮ್ಮಿಗೆ ಇದೊಂದೇ ಕಾರಣ ಅಂತಲೂ ನಾನು ಹೇಳಲಾರೆ. ಆದರೂ ಮಗುವಿನ ಶ್ವಾಸಕೋಶಕ್ಕೆ ಅಷ್ಟು ನುಣುಪಾದ ಪುಡಿ ಯಾಕೆ ಹೋಗಬೇಕು? ಮಕ್ಕಳ ಡಾಕ್ಟರಿಗೆ ಹೇಳಿದಾಗ ಅವರೂ ಯಂತ್ರ ನಿಲ್ಲಿಸಿ ಅಂದರು, ಮೂಗಿಗೆ ಸಲೈನ್ ಡ್ರಾಪ್ಸ್ ಕೊಟ್ಟರು.

ಯಂತ್ರ ತೊಳೆಯುವಾಗ ಇನ್ನೊಂದು ವಿಷಯ ಗೊತ್ತಾಯಿತು. ಟ್ಯಾಂಕಿನ ಮೂಲೆಯಲ್ಲಿ ಲೋಳೆ ಕಟ್ಟಿತ್ತು. ನೀರಿನಲ್ಲಿ ಕರಗಿದ್ದನ್ನು ಎಸೆಯುವ ಯಂತ್ರ, ನೀರಿನಲ್ಲಿ ಬೆಳೆದದ್ದನ್ನೂ ಎಸೆಯುತ್ತದೆ. ದಿನಾ ಉಳಿದ ನೀರು ಚೆಲ್ಲಿ, ಒರೆಸಿ ಒಣಗಿಸಬೇಕು. ಬಿಳಿ ಕಟ್ಟಿದ್ದರೆ ನಿಂಬೆರಸ ಅಥವಾ ವಿನೆಗರ್ ಹಾಕಿ ಬಿಟ್ಟು, ಆಮೇಲೆ ಚೆನ್ನಾಗಿ ತೊಳೆಯಬೇಕು. ಪಕ್ಕದ ಮನೆಯವರು ನೀರಿಗೆ ಒಂದು ಮುಚ್ಚಳ ಆಂಟಿಸೆಪ್ಟಿಕ್ ಹಾಕಿದರೆ ಸಾಕಲ್ವಾ ಅಂದರು. ಕೈಮುಗಿದು ಹೇಳುತ್ತೇನೆ, ಅದನ್ನು ಮಾತ್ರ ಮಾಡಬೇಡಿ. ದಕ್ಷಿಣ ಕೊರಿಯಾದಲ್ಲಿ ಹ್ಯೂಮಿಡಿಫೈಯರ್ ನೀರಿಗೆ ಹಾಕುವ ಸೋಂಕುನಿವಾರಕಗಳನ್ನು ವರ್ಷಗಟ್ಟಲೆ ಅಂಗಡಿಗಳಲ್ಲಿ ಮಾರುತ್ತಿದ್ದರು. ಅದನ್ನು ಉಸಿರಾಡಿ ಎಷ್ಟೋ ಜನರ ಶ್ವಾಸಕೋಶ ಗಡುಸಾಗಿ ಕೆಟ್ಟುಹೋಯಿತು. 2011ರಲ್ಲಿ ಕಾರಣ ಹೊರಬಿತ್ತು. ಸತ್ತವರಲ್ಲಿ ಪುಟ್ಟ ಮಕ್ಕಳು, ಬಸುರಿಯರು ಇದ್ದರು.

ಬಚ್ಚಲುಮನೆಯಲ್ಲೂ ಆ ದಿನಗಳಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕ್ಲೋರಿನ್ ಹಾಕಿದ ನೀರನ್ನು ಬಿಸಿ ಮಾಡಿದಾಗ ಅದರೊಳಗಿನ ಅನಿಲಗಳು ಬೇಗ ಹೊರಗೆ ಬರುತ್ತವೆ. ಅದಕ್ಕೆ ನಾವು ಮಾಡಿದ್ದು ಇಷ್ಟೇ: ಸ್ನಾನಕ್ಕೆ ಮುಂಚೆಯೇ ಎಕ್ಸಾಸ್ಟ್ ಫ್ಯಾನ್ ಹಾಕುವುದು, ಮುಗಿದ ಮೇಲೂ ಕಾಲು ಗಂಟೆ ಬಿಡುವುದು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಪೂರೈಕೆ ಯೋಜನೆಯ ಐದನೇ ಹಂತ ಶುರುವಾಯಿತು. ಕೆಲವು ತಿಂಗಳಲ್ಲಿ ನಮ್ಮ ಕಡೆ ನೀರು ಸುಧಾರಿಸಿತು. ಬರೀ ಕಾವೇರಿ ನೀರು ಬಂದ ದಿನ ಮೀಟರ್ 180 ತೋರಿಸಿತು. ಆಸೆಯಿಂದ ಯಂತ್ರಕ್ಕೆ ಹಾಕಿ ನೋಡಿದೆ. ಪ್ಯೂರಿಫೈಯರ್ ಆಗಲೂ 200ರ ಹತ್ತಿರ ಹೋಯಿತು. ಬೆಂಗಳೂರಿನ ಒಳ್ಳೆಯ ನೀರೂ ಈ ಯಂತ್ರಕ್ಕೆ ಆಗುವುದಿಲ್ಲ ಅಂತ ಅವತ್ತು ಖಚಿತವಾಯಿತು. ದಿನಾ ಎರಡು ಲೀಟರ್ ಆರ್‌ಒ ನೀರು ಕೊಡಬಹುದಿತ್ತು, ಆದರೆ ಅಷ್ಟು ಆರ್‌ಒ ನೀರಿಗೆ ಅದಕ್ಕಿಂತ ಜಾಸ್ತಿ ನೀರು ವೇಸ್ಟ್ ಪೈಪಿನಲ್ಲಿ ಹೋಗುತ್ತದೆ. ನೀರಿಗೆ ಒದ್ದಾಡಿದ ಮೇಲೆ ಅದಕ್ಕೆ ಮನಸ್ಸು ಬರಲಿಲ್ಲ. ಯಂತ್ರವನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ.

ಈಗ ಬೇಸಿಗೆ ಬಂದರೆ ಅಮ್ಮ ಹೇಳಿದ ಹಾಗೆ ಮಾಡುತ್ತೇವೆ. ಹಳೆಯ ಎರಡು ಕಾಟನ್ ಪಂಚೆ ಒದ್ದೆ ಮಾಡಿ, ಹಿಂಡಿ, ಮಗಳ ಕೋಣೆಯ ಸ್ಟ್ಯಾಂಡಿನ ಮೇಲೆ ಹರವುತ್ತೇವೆ. ಫ್ಯಾನ್ ಸಣ್ಣಗೆ ತಿರುಗುತ್ತಿರುತ್ತದೆ. ತೇವ ನೋಡಲು ಒಂದು ಪುಟ್ಟ ಮೀಟರ್ ಇದೆ. ಶೇಕಡಾ 30ರ ಆಸುಪಾಸಿದ್ದದ್ದು 40ರ ಮೇಲೆ ಬರುತ್ತದೆ, ಮೂಗಿಗೆ ಅಷ್ಟು ಸಾಕು. 50 ದಾಟಿದರೆ ಬಟ್ಟೆ ತೆಗೆದುಬಿಡುತ್ತೇವೆ, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಪ್ಯೂರಿಫೈಯರ್ ರಾತ್ರಿಯಿಡೀ ಹಸಿರಾಗೇ ಇರುತ್ತದೆ. ಟ್ಯಾಂಕರ್ ನೀರಿನ ದಿನ ಬೆಳಿಗ್ಗೆ ಎದ್ದು ನೋಡಿದರೆ ಪಂಚೆ ಹಪ್ಪಳದ ಹಾಗೆ ಸೆಟೆದುಕೊಂಡಿರುತ್ತದೆ. ಉಪ್ಪೆಲ್ಲಾ ಬಟ್ಟೆಯಲ್ಲೇ ಕೂತಿರುತ್ತದೆ.